ಖಾಲಿ ರಸ್ತೆಯಲ್ಲಿ ಹಾರ್ನ್

ನನಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫ್ರಿಜ್ಜಿನಲ್ಲಿ ಒಂದು ಶೆಲ್ಫು ಖಾಲಿಯಿದ್ದರೆ ಅಲ್ಲಿ ಒಂದು ಹೋಳು ಕುಂಬಳಕಾಯಿಯನ್ನಾದರೂ ತಂದಿಡಬೇಕು ಎನ್ನಿಸುತ್ತದೆ. ಮಾತಿನ ನಡುವೆ ಎರಡು ಕ್ಷಣ ಮೌನ ಬಂದರೆ ‘ಮತ್ತೇನ್ ಸಮಾಚಾರ?’ ಎಂದು ಕೇಳದೆ ಇರಲಾರೆ. ದಂತವೈದ್ಯರ ಕೈ ನನ್ನ ಬಾಯೊಳಗೆ ಇದ್ದಾಗಲೂ ಒಮ್ಮೆ ಕೇಳಲು ಹೋಗಿ ಬೈಸಿಕೊಂಡಿದ್ದೇನೆ. ಇದಕ್ಕೆ ನಾನೊಬ್ಬನೇ ಹೊಣೆಯಲ್ಲ. ನಾನು ಬೆಳೆದದ್ದು ತ್ಯಾಗರಾಜನಗರದ ಒಂದು ವಠಾರದಲ್ಲಿ, ಸಂಸಾರ ಹೂಡಿದ್ದು ಜಯನಗರದಲ್ಲಿ. ನಮ್ಮ ಕಡೆ ಒಂದು ಸೈಟು ಖಾಲಿ ಬಿದ್ದಿದ್ದರೆ ಮೊದಲು ಅಲ್ಲಿಗೆ ಕಸ ಬರುತ್ತದೆ, ಆಮೇಲೆ ಎಳನೀರಿನ ಗಾಡಿ, ಆಮೇಲೆ ನಾಲ್ಕು ಅಂತಸ್ತಿನ ಪೀಜಿ. ಇದರ ಮೇಲೆ ನಾನು ನಿವೃತ್ತನಾಗುವವರೆಗೂ ಕೂತಿದ್ದು ಒಂದು ವಿಮಾ ಕಚೇರಿಯ ವಾಹನ ಅಪಘಾತ ವಿಭಾಗದಲ್ಲಿ. ಗುದ್ದಿದ ಕಾರುಗಳ ಫೋಟೋ ನೋಡಿಕೊಂಡೇ ನನ್ನ ತಲೆ ಬೆಳ್ಳಗಾಯಿತು. ಹೀಗಾಗಿ ಬೆಚ್ಚಿಬೀಳುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಆದರೂ ಕಳೆದ ಒಂದೆರಡು ತಿಂಗಳಲ್ಲಿ ಬೆಚ್ಚಿದಷ್ಟು ಇಡೀ ಸರ್ವಿಸಿನಲ್ಲಿ ಬೆಚ್ಚಿರಲಿಲ್ಲ.

ಶುರುವಾದದ್ದು ಹೀಗೆ. ನಾನು, ನನ್ನ ಹೆಂಡತಿ ವಿಮಲಾ, ಪಕ್ಕದ ಮನೆಯ ನಾಗರಾಜೇಗೌಡರು, ಅವರ ಹೆಂಡತಿ ಜಯಮ್ಮ, ನಾಲ್ವರೂ ಒಂದು ಟೂರಿನವರ ಜೊತೆ ಪಶ್ಚಿಮ ಅಮೆರಿಕ ನೋಡಿಬರಲು ಹೆಸರು ಕೊಟ್ಟೆವು. ಬೆಳಗ್ಗೆ ಎಬ್ಬಿಸಿ, ಬಸ್ಸಿಗೆ ಹತ್ತಿಸಿ, ತಲೆ ಎಣಿಸಿ, ಮಧ್ಯಾಹ್ನ ಅನ್ನ ಸಾರು ಹಾಕಿ, ರಾತ್ರಿ ಮಲಗಿಸುವ ಟೂರು. ಲಾಸ್ ವೇಗಸ್ ಎಂಬ ಊರಿನಲ್ಲಿ ಮಾತ್ರ ಒಂದು ದಿನವನ್ನು ‘ಫ್ರೀ ಡೇ’ ಎಂದು ಬಿಟ್ಟಿದ್ದರು. ಆ ದಿನ ಬೇಕಾದವರು ಟೂರ್ ಮ್ಯಾನೇಜರ್ ಜೊತೆ ಶಾಪಿಂಗಿಗೆ ಹೋಗಬಹುದು. ಮಾರನೆಯ ಬೆಳಗ್ಗೆ ಬಸ್ಸು ಹೊರಟುಬಿಡುತ್ತದೆ, ಯಾರಿಗೂ ಕಾಯುವುದಿಲ್ಲ.

‘ಆವತ್ತು ನಂಗೆ ಮರುಭೂಮಿ ನೋಡ್ಬೇಕು’ ಎಂದಳು ವಿಮಲಾ.

ನಾನು ದಂಗಾದೆ. ನಮ್ಮ ಮದುವೆಯಾದಂದಿನಿಂದ ಈಕೆ ‘ನಂಗೆ ಬೇಕು’ ಎಂದು ಕೇಳಿದ್ದು ಒಂದು ಗ್ರೈಂಡರು ಮಾತ್ರ, ಅದೂ ಹಳೆಯದರ ಕಲ್ಲು ಒಡೆದುಹೋದ ಮೇಲೆ. ಆಕೆ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಡಂ ಆಗಿದ್ದವಳು. ವರ್ಷವರ್ಷವೂ ಬೋರ್ಡಿನ ಮೇಲೆ ಮರಳು ದಿಬ್ಬ, ಪಾಪಾಸುಕಳ್ಳಿ ಬರೆದು ಮಕ್ಕಳಿಗೆ ಮರುಭೂಮಿ ಹೇಳಿಕೊಟ್ಟವಳು. ಜೀವಮಾನದಲ್ಲಿ ಆಕೆ ಕಂಡಿದ್ದ ಅತಿ ದೊಡ್ಡ ಮರಳು ರಾಶಿ ನಮ್ಮ ಎದುರುಮನೆಯವರು ಮೂರನೇ ಅಂತಸ್ತು ಕಟ್ಟಿಸುವಾಗ ಬೀದಿಗೆ ಸುರಿಸಿದ್ದು.

‘ಅಲ್ಲೇನಿದೆ ನೋಡಕ್ಕೆ?’ ಎಂದೆ.

‘ಏನೂ ಇಲ್ಲ. ಅದನ್ನೇ ನೋಡ್ಬೇಕು.’

ಮಾತಿನ ನಡುವೆ ಮೌನ ಬಂದುಬಿಟ್ಟಿದ್ದರಿಂದ ನನ್ನ ಬಾಯಿಂದ ಒಂದು ಮಾತು ಜಾರಿತು. ‘ಅದಕ್ಕೇನಂತೆ, ಕಾರ್ ಬಾಡಿಗೆಗೆ ತಗೊಂಡ್ರಾಯ್ತು. ನಾನೇ ಓಡಿಸ್ತೀನಿ. ಬೆಳಗ್ಗೆ ಹೋಗಿ ಸಂಜೆಗೆ ಬಂದ್ಬಿಡೋಣ.’ ವಿಮಲಾ ನನ್ನ ಮುಖವನ್ನೇ ನೋಡಿದಳು. ‘ನಿಜವಾಗ್ಲೂ?’ ಎಂದಳು. ಆ ‘ನಿಜವಾಗ್ಲೂ’ ಕೇಳಿದ ಮೇಲೆ ಹಿಂದೆ ಸರಿಯುವುದು ಯಾವ ಗಂಡಸಿಗೂ ಸಾಧ್ಯವಿರಲಿಲ್ಲ. ನಮ್ಮ ವಯಸ್ಸಿಗೆ ಇನ್ನೊಂದು ಸಲ ಅಮೆರಿಕ ಎಂಬುದಿಲ್ಲ. ಆಕೆ ಮರುಭೂಮಿ ನೋಡಿದರೆ ಆ ಒಂದು ದಿನ ನೋಡಬೇಕು, ಇಲ್ಲದಿದ್ದರೆ ಇಲ್ಲ.

ಪ್ರವಾಸದ ಪ್ಲಾನು ಹಾಕುವುದರಲ್ಲಿ ನಾನು ಪಳಗಿದವನು. ನಮ್ಮವರಿಗೆ ದೂರವನ್ನು ಅಳೆಯುವ ಕ್ರಮವೇ ಬೇರೆ. ಮೈಸೂರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ಕಿಲೋಮೀಟರು ಹೇಳುವುದಿಲ್ಲ. ಆರಕ್ಕೆ ಬಿಟ್ಟರೆ ಇಡ್ಲಿಗೆ ಎಲ್ಲಿ, ಎರಡನೇ ಕಾಫಿಗೆ ಎಲ್ಲಿ, ಊಟಕ್ಕೆ ಯಾವ ಹೋಟೆಲು ಎಂದು ಹೇಳುತ್ತೇವೆ. ಅದೇ ಕ್ರಮದಲ್ಲಿ ನಾನು ವಿಮಲಾಳ ಹಳೆಯ ಚಾರ್ಟ್ ಪೇಪರ್ ಒಂದನ್ನು ಊಟದ ಮೇಜಿನ ಮೇಲೆ ಹರಡಿ, ಫೋನಿನಲ್ಲಿ ಮ್ಯಾಪು ತೆರೆದು, ಅಮೆರಿಕದ ಮರುಭೂಮಿಯ ದಾರಿಯಲ್ಲಿ ಟಿಫನ್ನಿನ ಜಾಗ ಗುರುತು ಹಾಕಲು ಕೂತೆ.

ಮೊದಲನೆಯ ಆಘಾತ ಜಾಗದ ಹೆಸರಿನಿಂದಲೇ ಬಂತು. ಬೆಳಗ್ಗೆ ಹೋಗಿ ಸಂಜೆ ಬರಬಹುದಾದ ಮರುಭೂಮಿಯ ಹೆಸರು ಡೆತ್ ವ್ಯಾಲಿ. ಸಾವಿನ ಕಣಿವೆ! ಅಪಘಾತ ವಿಭಾಗದವನು ಸ್ವಂತ ಖರ್ಚಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗುವ ಜಾಗವೇ ಅದು? ಎರಡನೆಯ ಆಘಾತ, ಅದು ಮೈಸೂರಿಗಿಂತ ದೂರ, ಆದರೆ ಹೋಗಲು ಎರಡು ಗಂಟೆ ಸಾಕು ಎಂದಿತು ಮ್ಯಾಪು. ಎರಡು ಗಂಟೆಯಲ್ಲಿ ನಾನು ಜಯನಗರದಿಂದ ಬಿಟಿಎಂ ಲೇಔಟಿಗೆ ಹೋಗಿ, ಪಾರ್ಕಿಂಗ್ ಸಿಗದೆ ವಾಪಸು ಬಂದದ್ದುಂಟು. ಫೋನು ಕೆಟ್ಟಿದೆಯೆಂದುಕೊಂಡು ಆಫ್ ಮಾಡಿ ಆನ್ ಮಾಡಿದೆ. ಮೂರನೆಯದಾಗಿ, ಆ ಕಣಿವೆಯ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ ಎಂದು ಓದಿ, ‘ಹಂಗಾದ್ರೆ ನೀರು ಯಾಕೆ ನುಗ್ಗಿಲ್ಲ?’ ಎಂದು ಅಡುಗೆಮನೆಯ ಕಡೆಗೆ ಕೂಗಿದೆ. ಭೂಗೋಳದ ಮೇಡಂ ಪಾತ್ರೆಯ ಸದ್ದನ್ನು ಸ್ವಲ್ಪ ಜೋರು ಮಾಡಿದಳು. ಎಲ್ಲಕ್ಕಿಂತ ದೊಡ್ಡ ಆಘಾತವೆಂದರೆ ದಾರಿಯಲ್ಲಿ ಒಂದಷ್ಟು ಉದ್ದಕ್ಕೆ ಏನೆಂದರೆ ಏನೂ ಇರಲಿಲ್ಲ. ಹೋಟೆಲಿಲ್ಲ, ಪಂಕ್ಚರ್ ಅಂಗಡಿಯಿಲ್ಲ, ಗಾಜು ಇಳಿಸಿ ‘ಸಾರ್, ಈ ದಾರಿ ಎಲ್ಲಿಗೆ ಹೋಗತ್ತೆ?’ ಎಂದು ಕೇಳಲು ಒಂದು ನರಪಿಳ್ಳೆಯಿಲ್ಲ. ಆ ಭಾಗಕ್ಕೆ ದಪ್ಪವಾಗಿ ಕೆಂಪು ಬಳಿದು, ‘ಅಪಾಯ. ಸಿಗ್ನಲ್ ಸಿಗುವುದಿಲ್ಲ. ನಿಲ್ಲಿಸಕೂಡದು’ ಎಂದು ಬರೆದೆ.

ಗೌಡರಿಗೆ ವಿಷಯ ತಿಳಿಯಲು ಒಂದು ದಿನವೂ ಬೇಕಾಗಲಿಲ್ಲ, ಏಕೆಂದರೆ ನಾನೇ ಹೋಗಿ ಹೇಳಿದೆ. ಅವರದು ಇಲ್ಲಿಯ ಹಳೇ ಊರಿನ ಮನೆತನ. ಅವರ ತಂದೆ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಮೂರು ಬಿಲ್ಡಿಂಗುಗಳು ನಿಂತಿವೆ, ಬಾಡಿಗೆ ಬರುತ್ತದೆ. ಅವರ ಮನೆಯ ದೊಡ್ಡ ಟೀವಿಯಲ್ಲಿ ನಾನು ಮರುಭೂಮಿಯನ್ನು ಆಕಾಶದಿಂದ ತೋರಿಸಿದೆ. ಗೌಡರು ಹಿಡಿದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟರು.

‘ಸಾರ್, ಇದೆಲ್ಲಾ ಯಾರ್ದು?’

‘ಸರ್ಕಾರದ್ದು.’

‘ಎಲ್ಲಾನೂನಾ? ಇಷ್ಟೂ ಹಂಗೇ ಬಿಟ್ಟವ್ರಾ? ಯಾರೂ ಒತ್ತುವರಿ ಮಾಡಿಲ್ವಾ?’ ಅವರ ದನಿ ಒಡೆಯಿತು. ‘ರೋಡ್ ಸಖತ್ತಾಗದೆ. ಥರ್ಟಿ ಫಾರ್ಟಿ ಹಾಕಿದ್ರೆ ಎಷ್ಟು ಸೈಟ್ ಆಗೋದು ಗುರು!’ ನನ್ನನ್ನು ಅವರು ‘ಗುರು’ ಎಂದದ್ದು ಅದೇ ಮೊದಲು. ಗಾಬರಿಯಲ್ಲಿ ಸಾರ್ ಎನ್ನುವುದು ಮರೆತುಹೋಗಿತ್ತು. ‘ನಾನೂ ಬರ್ತೀನಿ, ಇದನ್ನ ಕಣ್ಣಾರೆ ನೋಡ್ಬೇಕು’ ಎಂದರು.

ಗೌಡರು ಬರುತ್ತಾರೆಂದ ಮೇಲೆ ಜಯಮ್ಮನೂ ಬರಬೇಕು. ಜಯಮ್ಮ ಹೆಚ್ಚು ಮಾತಿಲ್ಲದ ಹೆಂಗಸು. ಗೌಡರ ಕಣ್ಣಿನ ಆಪರೇಷನ್ ಆದಮೇಲೆ ಅವರ ಬಸ್ಸಿನಂಥ ಕಾರನ್ನು ಆಕೆಯೇ ಓಡಿಸುವುದು, ವಾರಕ್ಕೊಮ್ಮೆ ತೋಟಕ್ಕೆ ಹೋಗಿಬರುವುದು. ಆ ಕಾರು ನಮ್ಮ ಬೀದಿಗೆ ತಿರುಗಿದರೆ ನಾನು ಮುಂಜಾಗ್ರತೆಯಾಗಿ ಗೇಟಿನ ಒಳಗೆ ಬಂದುಬಿಡುತ್ತೇನೆ. ನಾಲ್ಕು ಜನ ಎಂದಾದ ಮೇಲೆ ಚಪಾತಿ, ಪುಳಿಯೋಗರೆ, ಮೊಸರನ್ನ, ಎರಡು ಫ್ಲಾಸ್ಕು ಸೇರಿಕೊಂಡವು. ಊರಿನ ಇನ್ನೊಂದು ದಿಕ್ಕಿಗೆ ಹೋದರೆ ಒಂದು ಅಣೆಕಟ್ಟು ಇದೆಯೆಂದು ತಿಳಿದು ಅದನ್ನೂ ಸೇರಿಸಿದೆ. ಗೌಡರ ಬೇಡಿಕೆಯ ಮೇರೆಗೆ ಒಂದು ದೇವಸ್ಥಾನವನ್ನೂ ಹುಡುಕಿದೆ. ಚಾರ್ಟಿನಲ್ಲಿ ಬರೆಯಲು ಜಾಗವೇ ಉಳಿಯದಂತೆ ತುಂಬಿದ್ದನ್ನು ಹೆಮ್ಮೆಯಿಂದ ವಿಮಲಾಗೆ ತೋರಿಸಿದೆ.

‘ಸುಮ್ನೆ ನಿಂತ್ಕೊಳಕ್ಕೆ ಎಷ್ಟೊತ್ತು ಇಟ್ಟಿದೀರಿ?’ ಎಂದಳು.

‘ಸುಮ್ನೆ ನಿಂತ್ಕೊಳಕ್ಕಾ?’ ನಾನು ಚಾರ್ಟನ್ನು ಮತ್ತೊಮ್ಮೆ ನೋಡಿ, ‘ಐದ್ ನಿಮಿಷ ಮಾಡ್ಬಹುದು, ಮೊಸರನ್ನ ಕಾರಲ್ಲೇ ತಿಂದ್ರೆ’ ಎಂದೆ. ಆಕೆ ಚಾರ್ಟನ್ನು ಸುರುಳಿ ಸುತ್ತಿಟ್ಟಳು.

ಇಷ್ಟರಲ್ಲಿ ಇನ್ನೊಂದು ಸುದ್ದಿ ನನ್ನ ನಿದ್ದೆ ಕೆಡಿಸಿತು. ಅಮೆರಿಕದಲ್ಲಿ ಹಾರ್ನ್ ಹೊಡೆಯುವುದಿಲ್ಲವಂತೆ. ಹೊಡೆದರೆ ಬೈದಂತೆ ಲೆಕ್ಕವಂತೆ. ಸರಿ, ಅಭ್ಯಾಸ ಮಾಡೋಣವೆಂದು ಒಂದು ಸಂಜೆ ವಿಮಲಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬನಶಂಕರಿಯವರೆಗೆ ಹಾರ್ನಿಲ್ಲದೆ ಹೋಗಿಬರಲು ಹೊರಟೆ. ನಮ್ಮ ಬೀದಿಯ ತಿರುವು ದಾಟುವುದರೊಳಗೆ ಮೂರು ಸಲ ಹೊಡೆದಿದ್ದೆ. ಒಂದು ಆಟೋಗೆ, ಒಂದು ಹಸುವಿಗೆ, ಇನ್ನೊಂದು ಯಾಕೆಂದು ನನಗೇ ಗೊತ್ತಿಲ್ಲ. ಸಿಗ್ನಲ್ಲಿನಲ್ಲಿ ಹಿಂದಿನವನು ಹೊಡೆದಾಗ ಉತ್ತರ ಕೊಡದೆ ಕೂತಿರುವಷ್ಟರಲ್ಲಿ ಬೆನ್ನೆಲ್ಲ ಬೆವರಿತು.

ಗಲಾಟೆಯ ಊರಿನಲ್ಲಿ ಆಗದು, ಖಾಲಿ ರಸ್ತೆ ಬೇಕು ಎಂದು ಗೌಡರೇ ದಾರಿ ತೋರಿಸಿದರು. ವಸಂತಪುರದ ಆಚೆ ಅವರ ನೆಂಟರೊಬ್ಬರು ಹೊಸ ಲೇಔಟ್ ಮಾಡಿದ್ದರು. ಅಗಲವಾದ ಟಾರು ರಸ್ತೆ, ಅಕ್ಕಪಕ್ಕ ಸೈಟಿನ ಕಲ್ಲುಗಳು, ಒಂದು ಮನೆಯೂ ಎದ್ದಿರಲಿಲ್ಲ. ಭಾನುವಾರ ಬೆಳಗ್ಗೆ ನಾಲ್ವರೂ ನನ್ನ ಕಾರಿನಲ್ಲಿ ರಿಹರ್ಸಲ್ಲಿಗೆ ಹೋದೆವು. ಅಮೆರಿಕದ ಪದ್ಧತಿಯಂತೆ ರಸ್ತೆಯ ಬಲಕ್ಕೆ ಓಡಿಸಬೇಕೆಂದು ತೀರ್ಮಾನವಾಗಿತ್ತು. ‘ಗಾಡಿ ಬಿಡಿ ಸಾರ್’ ಎಂದರು ಹಿಂದಿನ ಸೀಟಿನಿಂದ ಗೌಡರು.

ಆಗ ನನಗೆ ಒಂದು ಸತ್ಯ ಗೊತ್ತಾಯಿತು. ಇಷ್ಟು ವರ್ಷ ನಾನು ಓಡಿಸಿದ್ದು ಕಾರನ್ನಲ್ಲ, ಮುಂದಿನ ವಾಹನದ ಹಿಂಭಾಗವನ್ನು ಹಿಂಬಾಲಿಸಿದ್ದೆ ಅಷ್ಟೆ. ಎದುರಿಗೆ ಬಸ್ಸಿನ ಬೆನ್ನೋ ಟೆಂಪೋದ ಬೆನ್ನೋ ಇದ್ದರೆ ಅದು ಹೋದಂತೆ ಹೋಗುವುದು, ನಿಂತಂತೆ ನಿಲ್ಲುವುದು. ಈಗ ಎದುರಿಗೆ ಯಾರೂ ಇಲ್ಲ. ರಸ್ತೆ ಬಾಯಿ ತೆರೆದುಕೊಂಡು ಬಿದ್ದಿದೆ. ಎಲ್ಲಿಗೆ ಹೋಗಬೇಕು, ಎಷ್ಟು ಜೋರಾಗಿ ಹೋಗಬೇಕು, ಯಾರನ್ನು ಬೈಯಬೇಕು? ಕಾಲು ಆಕ್ಸಿಲರೇಟರನ್ನು ಒತ್ತಲೊಲ್ಲದು. ಎರಡನೇ ಗೇರಿನಲ್ಲಿ ಕಾರು ಗುರುಗುಡುತ್ತ ಹೊರಟಿತು. ಏನೂ ತೋಚದೆ ಹಾರ್ನ್ ಹೊಡೆದೆ. ಯಾರೂ ಇಲ್ಲದ ರಸ್ತೆಯಲ್ಲಿ, ಯಾರಿಗೂ ಅಲ್ಲದೆ, ಉದ್ದಕ್ಕೆ ಹೊಡೆದೆ.

‘ಯಾರ್ ಬಂದ್ರು ಸಾರ್?’ ಎಂದು ಗೌಡರು ಹಿಂದೆ ಮುಂದೆ ನೋಡಿದರು.

ಅಷ್ಟರಲ್ಲಿ ವಾಕಿಂಗ್ ಬಂದಿದ್ದವರೊಬ್ಬರು ಕಂಡರು. ನನಗೆ ದೇವರೇ ಕಂಡಂತಾಯಿತು. ಗಾಡಿ ನಿಲ್ಲಿಸಿ, ಗಾಜು ಇಳಿಸಿ, ‘ಸಾರ್, ಈ ರೋಡ್ ಸ್ಟ್ರೈಟ್ ಹೋಗ್ಬಹುದಾ?’ ಎಂದು ಕೇಳಿದೆ. ಅವರು ರಸ್ತೆಯನ್ನೊಮ್ಮೆ ನೋಡಿದರು. ಅದು ಕಣ್ಣು ಹಾಯುವವರೆಗೆ ನೇರವಾಗಿತ್ತು. ‘ಬೇರೆ ಎಲ್ಲಿಗೆ ಹೋಗ್ತೀರ ಅಂಕಲ್?’ ಎಂದು ಮುಂದೆ ನಡೆದರು. ಮತ್ತೆ ಹೊರಟೆ. ಈ ಸಲ ಎದುರಿನಿಂದ ಹಾಲಿನ ವ್ಯಾನೊಂದು ಬಂತು. ನಾನು ಅಮೆರಿಕದಲ್ಲಿದ್ದೆ, ಅದು ವಸಂತಪುರದಲ್ಲಿತ್ತು. ಇಬ್ಬರೂ ಒಂದೇ ಕಡೆಗೆ ಬಂದೆವು. ನಾನು ಕಣ್ಣು ಮುಚ್ಚಿ ಎರಡು ಕೈಯಲ್ಲೂ ಹಾರ್ನ್ ಒತ್ತಿ ಹಿಡಿದೆ. ವ್ಯಾನಿನವನು ಹೇಗೋ ಪಕ್ಕಕ್ಕೆ ಸರಿದುಕೊಂಡು ಹೋದ. ಅವನು ಬೈದದ್ದನ್ನು ಇಲ್ಲಿ ಬರೆಯಲಾರೆ.

ಕಣ್ಣು ತೆರೆದಾಗ ಜಯಮ್ಮ ಕೆಳಗಿಳಿದು ನನ್ನ ಬಾಗಿಲ ಬಳಿ ನಿಂತಿದ್ದರು. ‘ಅಣ್ಣಾ, ಸ್ವಲ್ಪ ಇಳೀರಿ. ಹಿಂದ್ ಕೂತ್ಕೊಂಡು ನೀರ್ ಕುಡೀರಿ’ ಎಂದರು. ಆಕೆ ಕೂತು, ಸೀಟನ್ನು ಮುಂದಕ್ಕೆಳೆದು, ಕಾರನ್ನು ಬಿಟ್ಟರು. ಎರಡು, ಮೂರು, ನಾಲ್ಕು, ಆಮೇಲೆ ಇನ್ನೊಂದು. ‘ಇದ್ರಲ್ಲಿ ಐದನೇ ಗೇರ್ ಇದೆಯಾ?’ ಎಂದು ನಾನು ಕಿರುಚಿದೆ. ಕೊಂಡು ಎಂಟು ವರ್ಷವಾದ ನನ್ನದೇ ಕಾರು! ಒಂದು ಸದ್ದಿಲ್ಲ, ಕುಲುಕಿಲ್ಲ. ಮುಂದಿನ ಸೀಟಿನಲ್ಲಿ ವಿಮಲಾ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಆ ಹೆಂಗಸರಿಬ್ಬರೂ ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಹಿಂದೆ ಕೂತ ನನಗೆ ಆ ಮೌನ ತಡೆಯಲಾಗದೆ ಗೌಡರನ್ನು ‘ಮತ್ತೇನ್ ಸಮಾಚಾರ?’ ಎಂದು ಕೇಳಿದೆ.

ಮಾರನೆಯ ಬೆಳಗ್ಗೆ ಕಾಫಿ ಕೊಡುತ್ತ ವಿಮಲಾ ಹೇಳಿದಳು. ‘ರೀ, ಫ್ರೀ ಡೇ ದಿನ ನಾನೂ ಜಯಮ್ಮನೂ ಹೋಗ್ಬರ್ತೀವಿ. ಅವ್ರು ಓಡಿಸ್ತಾರೆ. ನೀವೂ ಗೌಡ್ರೂ ಮ್ಯಾನೇಜರ್ ಜೊತೆ ಶಾಪಿಂಗಿಗೆ ಹೋಗ್ಬನ್ನಿ.’

ಲೋಟ ಕೈಯಿಂದ ಜಾರದಿದ್ದುದೇ ಹೆಚ್ಚು. ಪರದೇಶದಲ್ಲಿ ಓಡಿಸಲು ಪರ್ಮಿಟ್ ಬೇಕಲ್ಲ ಎಂದೆ. ಜಯಮ್ಮ ಹೋದ ವಾರವೇ ಮಾಡಿಸಿಕೊಂಡಿದ್ದಾರಂತೆ.

‘ಅಂದ್ರೆ ರಿಹರ್ಸಲ್‌ಗೆ ಮುಂಚೇನೇ?’

‘ಹೂಂ. ನೀವು ಓಡ್ಸಿದ್ರೆ ಓಡಿಸ್ಲಿ ಅಂತ ಕಾದೆ ರೀ. ಆಸೆ ಇತ್ತು. ಆದ್ರೆ ಇರೋದು ಒಂದೇ ದಿನ.’

ಕೋಪ ಬಂತು, ನಾಚಿಕೆಯೂ ಆಯಿತು. ನಿಜ ಹೇಳಬೇಕೆಂದರೆ ಇವೆರಡಕ್ಕಿಂತ ಹೆಚ್ಚಾಗಿ ಬಚಾವಾದೆ ಎನ್ನಿಸಿತು, ಅದನ್ನು ಮುಖದಲ್ಲಿ ತೋರಿಸಲಿಲ್ಲ. ‘ನನ್ ಪ್ಲಾನ್ ಎಲ್ಲಾ ದಂಡ ಆಯ್ತಲ್ಲ’ ಎಂದೆ. ‘ಯಾಕೆ? ನಿಮ್ ಚಾರ್ಟ್ ಬೇಕೇ ಬೇಕು’ ಎಂದು ಆಕೆ ಅದನ್ನು ತಂದು ಹರಡಿದಾಗ ಜೀವ ಬಂದಂತಾಯಿತು. ಆಕೆಯ ಬೆರಳು ಇಡ್ಲಿ ದಾಟಿತು, ಅಣೆಕಟ್ಟು ದಾಟಿತು, ದೇವಸ್ಥಾನ ದಾಟಿ ನಾನು ಕೆಂಪು ಬಳಿದ ಜಾಗದಲ್ಲಿ ನಿಂತಿತು.

‘ಇಲ್ಲಿ ಗಾಡಿ ನಿಲ್ಲಿಸ್ಬಹುದಾ?’

‘ನಿಲ್ಲಿಸ್ಬಾರ್ದು ಅಂತಾನೇ ಕೆಂಪು ಹಾಕಿರೋದು! ಅಲ್ಲಿ ಮನೆ ಇಲ್ಲ, ಅಂಗಡಿ ಇಲ್ಲ, ಒಂದು ಪಿಳ್ಳೆ ಇಲ್ಲ.’

‘ಅದಕ್ಕೇ.’

‘ಸರಿ, ಅಲ್ಲಿಂದ ಹತ್ತ್ ಹತ್ತ್ ನಿಮಿಷಕ್ಕೆ ಒಂದ್ ಫೋನ್ ಮಾಡು. ಇಲ್ಲಾಂದ್ರೆ ನಾನೇ ಮಾಡ್ತಿರ್ತೀನಿ.’

ವಿಮಲಾ ಕನ್ನಡಕ ಹಾಕಿಕೊಂಡು ನನ್ನದೇ ಅಕ್ಷರವನ್ನು ಓದಿದಳು. ‘ಸಿಗ್ನಲ್ ಸಿಗುವುದಿಲ್ಲ. ನೀವೇ ಬರ್ದಿದೀರಲ್ಲ.’ ಆಮೇಲೆ ದನಿ ತಗ್ಗಿಸಿ, ಏನೋ ಸಂಭ್ರಮದ ವಿಷಯ ವಿಚಾರಿಸುವವಳಂತೆ, ‘ಎಷ್ಟ್ ದೂರ ಸಿಗಲ್ಲ ರೀ? ತುಂಬಾ ದೂರಾನಾ?’ ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಹಾಕಿದ ಯಾವ ಪ್ಲಾನನ್ನೂ ಆಕೆ ಇಷ್ಟು ಆಸೆಯಿಂದ ನೋಡಿರಲಿಲ್ಲ. ತುಂಬಾ ದೂರ ಎಂದೆ. ಆಕೆ ಚಾರ್ಟನ್ನು ಮಡಿಸಿ ಸೂಟ್‌ಕೇಸಿನ ಅಡಿಯಲ್ಲಿ ಜೋಪಾನವಾಗಿಟ್ಟು ಬಂದು ಎದುರಿಗೆ ಕೂತಳು. ಇಬ್ಬರೂ ಕಾಫಿ ಕುಡಿದೆವು. ಮಾತಿರಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಒಂದು ಗುಟುಕಿನ ಜೊತೆ ಒಳಗೆ ತಳ್ಳಿದೆ, ಇನ್ನೊಂದು ಗುಟುಕಿನ ಜೊತೆ ಮತ್ತೆ ತಳ್ಳಿದೆ. ಮೂರನೆಯ ಗುಟುಕಿಗೆ ಕಾಫಿ ಖಾಲಿಯಾಯಿತು.

‘ಕೇಳಿ, ಪರ್ವಾಗಿಲ್ಲ’ ಎಂದಳು ವಿಮಲಾ.

‘ಮತ್ತೇನ್ ಸಮಾಚಾರ?’ ಎಂದೆ.