ಕನ್ನಡಿಯ ಮೊಳೆ

ನನ್ನ ಷಡ್ಡಕರಿಗೆ ಮನುಷ್ಯರಿಗಿಂತ ಮೊಳೆಗಳ ಮೇಲೆ ನಂಬಿಕೆ ಹೆಚ್ಚು. ಮನುಷ್ಯರು ಸುಳ್ಳು ಹೇಳುತ್ತಾರೆ, ಗೋಡೆಗೆ ಹೊಡೆದ ಮೊಳೆ ಹೇಳುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದರೆ ಅವರು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಗೋಡೆಯನ್ನು.

"ಕ್ಯಾಲೆಂಡರ್ ಮೊಳೆ ಸಡ್ಲ ಆಗೈತಲ್ಲ ಮೇಷ್ಟ್ರೇ. ದಿನಾ ತಗ್ದು ತಗ್ದು ನೋಡ್ತೀರಾ ಅಂತ ಕಾಣ್ತದೆ. ರಿಟೈರ್ ಆದ್ಮ್ಯಾಲೆ ಒತ್ತು ಓಗಲ್ಲ ಅಲ್ವಾ?"

ಹೆಂಡತಿಯ ಎದುರಿಗೆ ಇಂಥ ಮಾತು ಹೇಳುವವರನ್ನು ಏನು ಮಾಡುವುದು? ಅವಳ ಅಕ್ಕನ ಗಂಡ ಬೇರೆ. ಕಾಫಿ ಕೊಟ್ಟು ಸುಮ್ಮನಾಗಬೇಕು.

ಹೊಳೆನರಸೀಪುರದಲ್ಲಿ ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ಮದುವೆ ಜೋಡಿ, ತೀರಿಕೊಂಡ ಹಿರಿಯರು, ಎಲ್ಲರೂ ಅವರ ಕೈ ದಾಟಿಯೇ ಗೋಡೆ ಏರಬೇಕು. ಇಷ್ಟು ಜನಕ್ಕೆ ಕಟ್ಟು ಹಾಕಿದವರ ಹತ್ತಿರ ಅವರ ತಾಯಿಯದೊಂದು ಫೋಟೋ ಇಲ್ಲ. ತೆಗೆಸಿಯೇ ಇರಲಿಲ್ಲ. ಗೊರೂರಿನಲ್ಲಿ ಅಣೆಕಟ್ಟು ಕಟ್ಟುವಾಗ ಇವರ ತಂದೆ ಅಲ್ಲಿ ಲಾರಿ ಓಡಿಸುತ್ತಿದ್ದರು. ಕೆಲಸಗಾರರಿಗೆಂದು ಕಟ್ಟಿದ ಕ್ವಾಟ್ರಸ್ಸಿನಲ್ಲಿ ಸಂಸಾರ. ಇವರು ಇನ್ನೂ ಅಂಬೆಗಾಲಿಡುತ್ತಿದ್ದಾಗ ತಾಯಿ ಜ್ವರದಲ್ಲಿ ಹೋಗಿಬಿಟ್ಟರು. ತಂದೆ ಮಗುವನ್ನು ತಂದು ತಂಗಿಯ ಮಡಿಲಿಗೆ ಹಾಕಿದವರು ಮತ್ತೆ ಆ ಮನೆಯ ಸುದ್ದಿ ಎತ್ತಲಿಲ್ಲ.

ಆ ಕ್ವಾಟ್ರಸ್ಸಿನ ಹಳೆಯ ಸಾಲುಗಳು ಈಗ ಹಾಳು ಬಿದ್ದಿವೆ. ಎಲ್ಲೆಲ್ಲಿಂದಲೋ ಬಂದು ಅಲ್ಲಿ ಒಲೆ ಹೂಡಿದ ಜನ ಕೆಲಸ ಮುಗಿದಂತೆ ಒಬ್ಬೊಬ್ಬರಾಗಿ ಹೋದರು. ಅವರ ಹಿಂದೆಯೇ ಬಾಗಿಲು, ಕಿಟಕಿ, ಚಾವಣಿಯ ಶೀಟುಗಳೂ ಯಾರ ಜೊತೆಗೋ ಹೋದವು. ಹೊರಲಾಗದ್ದಕ್ಕೆ ಗೋಡೆಗಳು ಉಳಿದಿವೆ. ಮನೆಗಳೋ, ಒಂದರಂತೆ ಇನ್ನೊಂದು. ಇದರಲ್ಲಿ ತಾಯಿ ಬಾಳಿದ ಮನೆ ಯಾವುದು ಅಂತ ಪತ್ತೆ ಮಾಡುವುದು ಹೇಗೆ?

"ಮೊಳೆ ಇಂದ" ಎಂದರು ಷಡ್ಡಕರು. "ಕಿಟಕಿ ಪಕ್ಕ, ಬೆಳಕು ಬೀಳೋ ಕಡೆ ಇರೋದು ಕನ್ನಡಿ ಮೊಳೆ. ಅದು ಎಷ್ಟು ಎತ್ರಕ್ಕೈತೋ ಆ ಮನೆ ಎಂಗಸು ಅಷ್ಟೇ ಎತ್ರ. ನಮ್ಮವ್ವ ಬಲೇ ಕುಳ್ಳಿ ಅಂತೆ. ಎಲ್ಲಾಕಿಂತ ಕೆಳಗಿರೋ ಮೊಳೆ ಯಾವ್ದೋ, ಅದೇ ನಮ್ಮನೆ."

"ಆಮೇಲೆ ಬಂದವರು ಬೇರೆ ಮೊಳೆ ಹೊಡೆದಿದ್ದರೆ?"

"ಇರೋ ಮೊಳೆ ಬುಟ್ಟು ಇನ್ನೊಂದು ಯಾಕೆ ಒಡೀತಾರೆ ಮೇಷ್ಟ್ರೇ?"

ತಾಯಿ ಎಷ್ಟು ಕುಳ್ಳಗಿದ್ದರು ಎಂದು ತಿಳಿಯಲು ಅವರು ಮಾಡಿದ ಸಾಹಸ ನಮ್ಮ ಬಳಗದಲ್ಲಿ ಇಂದಿಗೂ ಪ್ರಸಿದ್ಧ. ಸಾಕಿದ ಸೋದರತ್ತೆ ಒಮ್ಮೆ, "ನಿಮ್ಮವ್ವ ನನ್ ಭುಜಕ್ಕೆ ಬತ್ತಿದ್ಲು ಕಣ್ಮಗ" ಎಂದಿದ್ದರು. ಅಷ್ಟು ಸಾಕಾಯಿತು. ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಭುಜದ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮುಂದಿನ ವರ್ಷ ಅನುಮಾನ ಬಂದು ಮತ್ತೆ ಅಳೆದರೆ ಗೆರೆ ಕೆಳಗಿಳಿದಿತ್ತು. ಅದರ ಮುಂದಿನ ವರ್ಷ ಇನ್ನೂ ಕೆಳಗೆ. ವಯಸ್ಸಾಗಿ ಅತ್ತೆ ಬಾಗಿದ ಹಾಗೆಲ್ಲ ಎಂದೋ ತೀರಿಕೊಂಡ ತಾಯಿಯೂ ಕುಳ್ಳಗಾಗುತ್ತಾ ಬಂದರು. ಕೊನೆಗೆ ಅತ್ತೆಗೇ ರೇಗಿತು.

"ಅಳ್ದಿದ್ದು ಸಾಕು ಬುಡ್ಲಾ. ಅವಳ್ನ ನೋಡ್ಬೇಕು ಅಂದ್ರೆ ನಿನ್ ಮಕಾನೇ ನೋಡ್ಕೊ. ಆ ಮೀಸೆ ಒಂದು ಬುಟ್ಟು ಮಿಕ್ಕಿದ್ದೆಲ್ಲ ಅವಳ್ದೇಯ."

ಮೀಸೆಯೇನು ಸಾಮಾನ್ಯದ್ದೇ? ಅಂಗಡಿಯ ಬೋರ್ಡಿಗಿಂತ ಮೊದಲು ಅದು ಕಾಣುತ್ತದೆ.

ರಜೆಯ ದಿನ ಈ ಶೋಧನೆಗೆ ನನ್ನನ್ನು ಎಳೆದುಕೊಂಡು ಹೋಗುತ್ತಾರೆ. "ಹೋಗಿಬನ್ನಿ, ಕ್ಯಾಲೆಂಡರಿಗೂ ಸ್ವಲ್ಪ ಬಿಡುವು ಸಿಗಲಿ" ಎಂದು ಹೆಂಡತಿ ಕಳಿಸಿಕೊಡುತ್ತಾಳೆ. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಏನೋ ಇರುವ ಒಂದು ಕೈಚೀಲ, ಮುಟ್ಟಲು ಬಿಡರು. ಕೇಳಿದರೆ "ಬುತ್ತಿ" ಎನ್ನುತ್ತಾರೆ. ಎಷ್ಟು ಸಲ ಹೋದರೂ ಆ ಬುತ್ತಿ ಬಿಚ್ಚಿದ್ದನ್ನು ಕಾಣೆ. ಸಂಜೆ ಗೊರೂರಿನ ಹೋಟೆಲಿನಲ್ಲಿ ನಾನೇ ಇಡ್ಲಿ ಕೊಡಿಸಬೇಕು.

ಖಾಲಿ ಮನೆಗೆ ಹೋಗುವುದಕ್ಕೂ ಅವರದೊಂದು ಪದ್ಧತಿ ಇದೆ. ಬಾಗಿಲೇ ಇಲ್ಲದ ಬಾಗಿಲಲ್ಲಿ ನಿಂತು, "ಮನೇಲಿ ಯಾರಿದ್ದೀರಿ?" ಎಂದು ಕೂಗಬೇಕು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಮುಳ್ಳು, ಗಾಜಿನ ಚೂರು. ನಾನು ಕುಂಟುತ್ತಾ ಹಿಂದೆ ಹೋಗುವುದು. ಹೊರಡುವಾಗ "ಬತ್ತೀವಿ" ಎಂದು ಹೇಳಿಯೇ ಹೊರಡಬೇಕು. ಯಾರಿಗೆ ಹೇಳುವುದು ಎಂದರೆ, "ಬಾಳ್ದೋರಿಗೆ" ಎನ್ನುತ್ತಾರೆ. ಒಂದು ಸಲ "ಯಾರಿದ್ದೀರಿ?" ಎಂದಾಗ ಒಳಗಿನಿಂದ "ಯಾರೂ ಇಲ್ಲ" ಎಂದು ಉತ್ತರ ಬಂತು. ನೋಡಿದರೆ ಕಾಲೇಜಿನ ಹುಡುಗ, ಹುಡುಗಿ. ಷಡ್ಡಕರು ಕಣ್ಣು ತಗ್ಗಿಸಿ, "ನೀವು ಮಾತಾಡ್ಕಳಿ, ನಾವೊಂದು ಮೊಳೆ ನೋಡ್ಕಂಡು ಓಯ್ತೀವಿ" ಎಂದರು. ಜೋಡಿ ಕಿಟಕಿ ಹಾರಿ ಓಡಿತು.

ಆದರೆ ಸಿದ್ಧಾಂತ ಒಮ್ಮೆ ಮುರಿದೇಹೋಗುವುದರಲ್ಲಿತ್ತು. ಒಂದು ಮನೆಯ ಕನ್ನಡಿ ಮೊಳೆ ನನ್ನ ತಲೆಗಿಂತ ಮೇಲಿತ್ತು. "ಈಯಮ್ಮ ಆಳೆತ್ತರದ ಎಂಗಸು" ಎಂದು ಅವರು ತೀರ್ಪು ಕೊಟ್ಟರು. ಹೊರಗೆ ಮೇಕೆ ಮೇಯಿಸುತ್ತಿದ್ದ ಅಜ್ಜಿ ಇಣುಕಿ ನಕ್ಕರು.

"ಯಾವ ಎತ್ತರದೋಳು? ಇಷ್ಟುದ್ದ ಇದ್ಲು. ಮಕ್ಳು ಕನ್ನಡಿ ಒಡೆದಾಕ್ತವೆ ಅಂತ ಮ್ಯಾಲೆ ನೇತಾಕಿದ್ಲು ಕಣಪ್ಪ. ಸ್ಟೂಲ್ ಅತ್ತಿ ಬೊಟ್ಟು ಇಕ್ಕತಿದ್ಲು."

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕೈಚೀಲವನ್ನು ಎದೆಗೆ ಅವುಚಿಕೊಂಡು ಕುಳಿತರು. ನಗಬೇಕೆಂದಿದ್ದ ನನಗೂ ನಗು ಬರಲಿಲ್ಲ. ಹೊಳೆನರಸೀಪುರದ ಸ್ಟ್ಯಾಂಡು ಬಂದಾಗ ನನ್ನ ಕೈ ಅದುಮಿದರು.

"ಆಗ ನಾನಿನ್ನೂ ಅಂಬೆಗಾಲು ಮೇಷ್ಟ್ರೇ. ಕನ್ನಡಿ ನನ್ ಕೈಗೆ ಎಂಗೆ ಸಿಕ್ತಿತ್ತು? ನಮ್ಮವ್ವ ಕೆಳೀಕೇ ಒಡ್ದಿರ್ತಾಳೆ."

ಈಚೆಗೆ ಆ ಸಾಲುಗಳ ಗೋಡೆಗೆಲ್ಲ ಯಾರೋ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಕೆಡವುತ್ತಾರೆ ಎಂದು ಸುದ್ದಿ. ಷಡ್ಡಕರು ಅಂಗಡಿ ಮುಚ್ಚಿ ವಾರದ ನಡುವೆಯೇ ಹೊರಟರು, ನಾನೂ ಹೊರಟೆ. ಕೊನೆಯ ಸಾಲು ಮಾತ್ರ ಬಾಕಿ ಇತ್ತು. ಲಂಟಾನ ಬೆಳೆದು ದಾರಿಯೇ ಇರಲಿಲ್ಲ. ನಾನು ಒಂದು ಕಡೆಯಿಂದ, ಅವರು ಒಂದು ಕಡೆಯಿಂದ ನುಗ್ಗಿದೆವು. "ಮನೇಲಿ ಯಾರಿದ್ದೀರಿ?" ಎಂದು ಅವರ ಕೂಗು ಒಂದೊಂದೇ ಮನೆ ದಾಟಿ ಬರುವುದು ಕೇಳುತ್ತಿತ್ತು. ಆಮೇಲೆ ನಿಂತುಹೋಯಿತು.

ಏನಾಯಿತೋ ಎಂದು ಓಡಿದೆ. ಒಂದು ಬಾಗಿಲಲ್ಲಿ ಅವರ ಚಪ್ಪಲಿ ಇತ್ತು. ಕೂಗದೆ ಒಳಗೆ ಹೋಗಿದ್ದರು. ಸ್ವಂತ ಮನೆಗೆ ಯಾರಾದರೂ ಕೂಗಿಕೊಂಡು ಹೋಗುತ್ತಾರೆಯೇ?

ಕಿಟಕಿಯ ಪಕ್ಕ, ನನ್ನ ಎದೆಗಿಂತ ಕೆಳಗೆ, ತುಕ್ಕು ಹಿಡಿದ ಒಂದು ಮೊಳೆ. ಚೀಲ ಬರಿದಾಗಿ ನೆಲದ ಮೇಲೆ ಬಿದ್ದಿತ್ತು. ಇಷ್ಟು ದಿನ ಹೊತ್ತು ತಿರುಗಿದ ಬುತ್ತಿ ಈಗ ಮೊಳೆಯಲ್ಲಿ ನೇತಾಡುತ್ತಿತ್ತು: ಅವರೇ ಕಟ್ಟು ಹಾಕಿದ ಒಂದು ಸಣ್ಣ ಕನ್ನಡಿ. ಅದರ ಮುಂದೆ ಷಡ್ಡಕರು ಮಂಡಿಯೂರಿ ಕುಳಿತಿದ್ದರು. ಮೀಸೆಯ ಮೇಲೆ ಅಂಗೈ ಅಡ್ಡ ಹಿಡಿದು ಕನ್ನಡಿ ನೋಡುತ್ತಿದ್ದರು.

ಅದೇ ಮನೆಯೋ ಅಲ್ಲವೋ, ನನಗೆ ಗೊತ್ತಿಲ್ಲ.

"ಬನ್ನಿ ಮೇಷ್ಟ್ರೇ" ಎಂದರು, ಕೈ ತೆಗೆಯದೆ. "ನಮ್ಮವ್ವ."

ನಾನು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದೆ. ಅವರ ಪಕ್ಕ ಮಂಡಿಯೂರಿ, ಕನ್ನಡಿಯಲ್ಲಿದ್ದ ಆ ಒದ್ದೆ ಕಣ್ಣುಗಳಿಗೆ, "ನಮಸ್ಕಾರ ಕಣಮ್ಮ" ಎಂದೆ.