ಸೀರೆ ಒಂದು ಕಡೆ, ಕುಬಸ ಒಂದು ಕಡೆ

ಜಗತ್ತಿನಲ್ಲಿ ಯಾವ ಎರಡು ವಸ್ತುಗಳೂ ಒಂದೇ ಜಾಗದಲ್ಲಿ ನೆಮ್ಮದಿಯಾಗಿ ಇರಬಾರದು ಎಂದು ಹಟ ಹಿಡಿದವರು ಯಾರಾದರೂ ಇದ್ದರೆ ಅವರು ನನ್ನ ಸೋದರಮಾವ! ಇಳಕಲ್ಲಿನ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ರಕ್ತದಾನಿಗಳ ಮಾಹಿತಿ ತುಂಬಿದ ಟೇಬಲ್ ಎಂಬ ದೊಡ್ಡ ಪಟ್ಟಿ ಒಂದು ಡಿಸ್ಕಿನಲ್ಲಿ. ಯಾವ ಗುಂಪಿನವರು ಎಲ್ಲಿದ್ದಾರೆಂದು ಥಟ್ಟನೆ ತೋರಿಸುವ ಇಂಡೆಕ್ಸ್ ಇನ್ನೊಂದರಲ್ಲಿ. ಅಷ್ಟಕ್ಕೇ ಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ಆ ಶಿಸ್ತನ್ನು ಮನೆಗೂ ತಂದರು. ಅಡುಗೆಮನೆಯ ಡಬ್ಬಿಗಳ ಮೇಲೆ ಹೆಸರಿಲ್ಲ; ಯಾವುದರಲ್ಲಿ ಏನಿದೆ ಎಂಬ ಚೀಟಿ ಪಡಸಾಲೆಯ ಗೋಡೆಗೆ! ಅತ್ತೆಯ ಸೀರೆ ಒಂದು ಕೋಣೆಯ ಟ್ರಂಕಿನಲ್ಲಿ, ಕುಬಸ ಇನ್ನೊಂದು ಕೋಣೆಯ ಟ್ರಂಕಿನಲ್ಲಿ.

“ಮದುವಿಗೆ ಹೊಂಟಾಕಿ ನಾ ಮನಿ ತುಂಬ ಓಡಾಡ್ಬೇಕೇನ್ರಿ?” ಎಂದು ಅತ್ತೆ ಸಿಡುಕಿದರು.

“ಒಂದು ಟ್ರಂಕಿಗೆ ಇಲಿ ಬಿದ್ರ ಇನ್ನೊಂದರ ಉಳೀತೈತಲ್ಲ,” ಎಂದರು ಮಾವ.

“ಹೌದ್ರಿ, ಬರೇ ಕುಬ್ಸ ತೊಟ್ಕೊಂಡು ಹೋಗ್ತೇನಿ!”

ಮಾವ ಆ ಹೊತ್ತಿಗೆ ಪೇಪರಿನ ಹಿಂದೆ ಅಡಗಿದ್ದರು.

ಹೋದ ವರ್ಷ ಮಾವನ ಒಬ್ಬಳೇ ಮಗಳ ಹೆರಿಗೆ ಅದೇ ಆಸ್ಪತ್ರೆಯಲ್ಲಾಯಿತು. ಕೂಸು ಬಂತು, ರಕ್ತಸ್ರಾವ ನಿಲ್ಲಲಿಲ್ಲ. ಓ ನೆಗೆಟಿವ್ ರಕ್ತ ಬೇಕು, ಇದ್ದದ್ದನ್ನೆಲ್ಲ ಏರಿಸಿಯಾಗಿತ್ತು. ದಾನಿಗಳನ್ನು ಹುಡುಕಲು ಮಾವ ಕಂಪ್ಯೂಟರ್ ಮುಂದೆ ಕುಳಿತರೆ ಇಂಡೆಕ್ಸ್ ಇದ್ದ ಡಿಸ್ಕೇ ಕೆಟ್ಟು ಕೂತಿದೆ!

ಪಕ್ಕದಲ್ಲೇ ನಿಂತಿದ್ದ ನಾನು ಕೇಳಿದೆ. “ಮಾಮಾ, ಎಲ್ಲಾ ಹೋತೇನು?”

“ಹುಡುಕೋ ದಾರಿ ಹೋಗೇತಿ. ಮಂದಿ ಹೋಗಿಲ್ಲ. ಅವರು ಬ್ಯಾರೆ ಡಿಸ್ಕಿನ್ಯಾಗ ಅದಾರ.”

ಇಂಡೆಕ್ಸಿನ ಗೊಡವೆ ಬಿಟ್ಟು ಟೇಬಲನ್ನೇ ಮೊದಲಿನಿಂದ ಓದಲು ಹಚ್ಚಿದರು. ಆ ಮುದಿ ಕಂಪ್ಯೂಟರ್ ಒಬ್ಬೊಬ್ಬ ದಾನಿಯ ಮನೆಯಲ್ಲೂ ಚಹಾ ಕುಡಿದು ಬರುವಂತೆ ತೆವಳತೊಡಗಿತು. ಒಳಗಿನಿಂದ ಸಿಸ್ಟರ್ ಮತ್ತೆ ಮತ್ತೆ ಬಂದು ನಮ್ಮ ಮುಖ ನೋಡಿ ಹೋದರು. ಅತ್ತೆ ಬಾಗಿಲಲ್ಲೇ ನಿಂತು “ಸಿಕ್ರೇನ್ರಿ? ಯಾರರ ಸಿಕ್ರೇನ್ರಿ?” ಎನ್ನುತ್ತಿದ್ದರು. ಮಾವ ಕುರ್ಚಿಯನ್ನು ಕಂಪ್ಯೂಟರಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಕೊನೆಗೂ ಹುನಗುಂದದ ಒಬ್ಬ ಮಾಸ್ತರರ ಹೆಸರು ತೆರೆಯ ಮೇಲೆ ಬಂತು. ಫೋನ್ ಮಾಡಿದರೆ ಆ ಪುಣ್ಯಾತ್ಮ “ಹೊಂಟೆ ನೋಡ್ರಿ” ಎಂದಷ್ಟೇ ಹೇಳಿ ಬೈಕ್ ಹತ್ತಿದರು.

ಮಗಳು ಉಳಿದಳು. ಮರುದಿನ ಅವಳು ಕಣ್ಣು ಬಿಟ್ಟಾಗ ಕೂಸು ಆಚೆಯ ಕೋಣೆಯಲ್ಲಿತ್ತು. ಮಾವ ಎದ್ದು ಹೋಗಿ ಸಿಸ್ಟರ್ ಮುಂದೆ ಕೈಮುಗಿದು ನಿಂತರು.

“ತಾಯಿ ಒಂದ್ ಕಡೆ, ಕೂಸು ಒಂದ್ ಕಡೆ ಬ್ಯಾಡ್ರಿ ಬಾಯಾರ. ಇಬ್ಬರನ್ನೂ ಒಂದ ಕಡೆ ಇಡ್ರಿ.”

ಅತ್ತೆ ಸೆರಗಿನಿಂದ ಮಾವನ ಕಣ್ಣು ಒರೆಸಿದರು.