ರೆಫರಿಯ ಸೀಟಿ, ನನ್ನ ತಕ್ಕಡಿ

ಸೋಮವಾರ, ಬೆಳಗ್ಗೆ ಎಂಟು ಇಪ್ಪತ್ತು. ಹಾಜರಿದ್ದವರು: ನಾನು, ಹೆಂಡತಿ ಶಾಂತಾ, ಜೂನ್ ರಜೆಯಲ್ಲಿರುವ ಮೊಮ್ಮಗಳು ಅನ್ವಿ. ಮಗ ಸೊಸೆ ಆಗಲೇ ಎಂಆರ್‌ಟಿ ರೈಲು ಹಿಡಿದು ಆಫೀಸಿಗೆ ಹೋಗಿದ್ದರಿಂದ ಜಗಳ ಬಿಡಿಸುವವರು ಯಾರೂ ಇರಲಿಲ್ಲ.

ಪಕ್ಷಪಾತ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಬೆಳಗಾವಿ ಜಿಲ್ಲೆಯ ಅಂಗಡಿಯವರು ನನ್ನ ಸೈಕಲ್ ಬೆಲ್ ಕೇಳಿದರೆ ತಕ್ಕಡಿಯ ತಳಕ್ಕೆ ಅಂಟಿಸಿದ ಹುಣಸೆಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಈಗ ಸಿಂಗಾಪುರದಲ್ಲಿರುವ ಮಗನ ಕಾಂಡೋ ಫ್ಲ್ಯಾಟಿನಲ್ಲಿ ನನ್ನ ಅಧಿಕಾರವೆಲ್ಲ ಫ್ರಿಜ್ ಬಾಗಿಲ ಮೇಲಿನ ಒಂದು ಹಾಳೆಗೆ ಇಳಿದಿದೆ: ‘ತಿಂಡಿ ಎಂಟೂವರೆಗೆ. ಮೇಜಿನ ಮೇಲೆ. ಟಿವಿ ಬಂದ್.’

ತೊಂದರೆ ಏನೆಂದರೆ, ಅಮೆರಿಕದ ಬಾಸ್ಕೆಟ್‌ಬಾಲ್ ಫೈನಲ್ ಸರಣಿ ಅಲ್ಲಿ ರಾತ್ರಿ ನಡೆದರೂ ಇಲ್ಲಿಗೆ ಬಂದು ಮುಟ್ಟುವುದು ಸರಿಯಾಗಿ ಉಪ್ಪಿಟ್ಟಿನ ಹೊತ್ತಿಗೆ. ಅನ್ವಿಗೋ ಅದನ್ನು ನೋಡಲೇಬೇಕು.

“ಅದನ್ನೇನು ನೋಡೋದು? ರೆಫರಿಗಳು ದೊಡ್ಡ ಆಟಗಾರನ ಕಡೆಗೇ ಸೀಟಿ ಊದ್ತಾರೆ,” ಎಂದೆ.

“ಪ್ರೂಫ್ ಎಲ್ಲಿ ಲಾ, ಅಜ್ಜ?” ಎಂದಳು ಅನ್ವಿ, ಸಿಂಗಾಪುರದವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ.

ಪ್ರೂಫ್ ಕೇಳಿದರೆ ನಾನು ಬಿಡುವವನಲ್ಲ. ಒಪ್ಪಂದವಾಯಿತು. ಇವತ್ತು ಎಣಿಸುವುದು. ಪಕ್ಷಪಾತ ಕಂಡರೆ ಉಳಿದ ಪಂದ್ಯಗಳಿಗೆ ಟಿವಿ ಬಂದ್. ಕಾಣದಿದ್ದರೆ ಫ್ರಿಜ್ ಮೇಲಿನ ಹಾಳೆ ಇಳಿಯಬೇಕು. ನೋಟ್‌ಬುಕ್ಕಿಗೆ ಗೆರೆ ಹಾಕಿ ಕುಳಿತೆ. ಅರ್ಧ ಪಂದ್ಯಕ್ಕೇ ಸ್ಟಾರ್ ಆಟಗಾರನ ಪರವಾಗಿ ಊದಿದ ಸೀಟಿ ಉಳಿದವರದಕ್ಕಿಂತ ಎರಡು ಪಟ್ಟು ಆಗಿತ್ತು. “ನೋಡಿದ್ಯಾ?” ಎಂದೆ.

“ಬಾಲ್ ಹಿಡ್ಕೊಂಡು ಬಾಸ್ಕೆಟ್‌ಗೆ ನುಗ್ಗೋನೂ ಅವನೇ ಅಲ್ವಾ? ಜಾಸ್ತಿ ಏಟು ತಿಂದ್ರೆ ಜಾಸ್ತಿ ಫೌಲ್ ಸಿಗತ್ತೆ. ಏಟೂ ಎಣಿಸಿ.”

ಮಾತು ಸರಿಯಾಗಿತ್ತು. ತುಪ್ಪ ತೂಗುವಾಗ ಡಬ್ಬಿಯ ತೂಕ ಕಳೆಯಬೇಕೆಂದು ಊರಿಗೆಲ್ಲ ಹೇಳಿದವನು ನಾನೇ. ಇನ್ನೊಂದು ಗೆರೆ ಎಳೆದೆ. ಏಟು, ಸೀಟಿ ಎರಡೂ ಸರಿದೂಗತೊಡಗಿದವು.

ಏಟು ಎಣಿಸಬೇಕೆಂದರೆ ಆ ಮನುಷ್ಯನನ್ನೇ ನೋಡುತ್ತಿರಬೇಕಲ್ಲ? ಅಂಗಳದಲ್ಲಿ ಎಲ್ಲರಿಗಿಂತ ವಯಸ್ಸಾದವನು, ಮೊಣಕಾಲಿಗೆ ಪಟ್ಟಿ. ಫೌಲಿಗೆ ಸಿಕ್ಕ ಫ್ರೀ ಥ್ರೋ ಎಸೆಯುವ ಮೊದಲು ಪ್ರತಿ ಸಲವೂ ಅಂಗೈ ಒರೆಸಿ, ಚೆಂಡನ್ನು ಮೂರೇ ಸಲ ಪುಟಿಸಿ, ಒಂದು ಉಸಿರು ಬಿಡುತ್ತಿದ್ದ. ಎರಡಲ್ಲ, ನಾಲ್ಕಲ್ಲ, ಮೂರು. ಶಿಸ್ತು ಎಂದರೆ ಇದು ಅಂದುಕೊಂಡೆ. ನಾನು ಯಾವಾಗ ಮೇಜು ಬಿಟ್ಟು ತಟ್ಟೆ ಸಮೇತ ಸೋಫಾಕ್ಕೆ ಬಂದೆನೋ ಗೊತ್ತಿಲ್ಲ.

ಕೊನೆಯ ನಿಮಿಷ. ಎರಡೂ ಕಡೆ ಅಂಕ ಸಮ. ನನ್ನ ಲೆಕ್ಕವೂ ಸಮ. ಆತ ನುಗ್ಗಿದ, ಅವನ ಮೊಣಕೈ ತಗುಲಿ ಎದುರಾಳಿ ದೊಪ್ಪನೆ ಬಿದ್ದ, ಚೆಂಡು ಬುಟ್ಟಿಯೊಳಗೆ. ಸೀಟಿ ಬೀಳಲಿಲ್ಲ.

“ಅಜ್ಜ, ಬರೀರಿ! ಅದು ಫೌಲ್, ಕೊಡ್ಲಿಲ್ಲ! ಬರೆದ್ರೆ ನೀವೇ ವಿನ್!”

ಪೆನ್ನು ಕೈಯಲ್ಲಿತ್ತು. ಒಂದು ಗೆರೆ ಎಳೆದಿದ್ದರೆ ನನ್ನ ಎಂಟೂವರೆ ಉಳಿಯುತ್ತಿತ್ತು.

“ಅವನೇ ಜಾರಿ ಬಿದ್ದ,” ಎಂದೆ.

“ಶ್ಯೂರ್ ಆ, ಅಜ್ಜ?”

“ನೆಲ ಒದ್ದೆಯಿತ್ತು.”

ಶಾಂತಾ ಅಡುಗೆಮನೆಯಿಂದಲೇ ಕೇಳಿದಳು: “ಆ ಗೋಕಾಕದ ಕರದಂಟಿನ ಅಂಗಡಿ ತಕ್ಕಡಿ ಒಂಬತ್ತು ವರ್ಷದಾಗ ಎಷ್ಟು ಸಲ ತೂಗಿ ನೋಡೀರಿ?”

“ನೋಡುವ ಅಗತ್ಯ ಇರಲಿಲ್ಲ. ಅವನು ಒಳ್ಳೆಯವನು.”

“ಕರದಂಟು ಛಲೋ ಇತ್ತು ಅನ್ರಿ.”

ಅನ್ವಿ ಸೋಫಾದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ನಾನು ನೋಟ್‌ಬುಕ್ ಮುಚ್ಚಿದೆ. ರೆಫರಿಗಳ ವಿಷಯದಲ್ಲಿ ನನ್ನ ತೀರ್ಪು ಇಷ್ಟೆ: ಪಾಪ, ಅವರಿಗೂ ಮೆಚ್ಚುವ ಕಣ್ಣಿರುತ್ತದೆ.

ಹನ್ನೊಂದೂಕಾಲು. ಫ್ರಿಜ್ ಮೇಲಿನ ಹಾಳೆ ಇಳಿಸಿ, ಮಡಿಸಿ, ಡ್ರಾಯರಿನಲ್ಲಿಟ್ಟೆ. ತಟ್ಟೆಗೆ ಅಂಟಿ ಒಣಗಿದ್ದ ಉಪ್ಪಿಟ್ಟನ್ನು ತೊಳೆದೆ. ಸಂಜೆ ವಾಕಿಂಗ್ ಮುಗಿಸಿ ಬರುವಾಗ ಕಾಂಡೋದ ಬಾಸ್ಕೆಟ್‌ಬಾಲ್ ಅಂಗಳ ಖಾಲಿಯಿತ್ತು. ಯಾರೋ ಬಿಟ್ಟುಹೋದ ಚೆಂಡನ್ನು ಎತ್ತಿಕೊಂಡು, ಅಂಗೈ ಒರೆಸಿ, ಮೂರು ಸಲ ಪುಟಿಸಿ ಎಸೆದೆ. ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಗಾಳಿ ಇತ್ತು ಎಂದು ಬರೆದುಕೊಂಡು ಆ ದಿನದ ಕೆಲಸ ಮುಗಿಸಿದೆ.